ಕಾಲಿನ ನರ, ನೇಕಾರನ ಕೈ

ಗದಗ ಪ್ರತ್ಯೇಕ ಜಿಲ್ಲೆಯಾಗಿ ಹತ್ತು-ಹನ್ನೆರಡು ವರ್ಷವಾಗಿತ್ತು. ಆಗ ನಾನು ಅಲ್ಲಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಪ್ಲಾಸ್ಟಿಕ್ ಸರ್ಜನ್. ಆ ಹೆಸರು ಕೇಳಿ ಮುಖ ಬೆಳ್ಳಗೆ ಮಾಡಿಸಿಕೊಳ್ಳಲು ಬಂದವರೂ ಉಂಟು. ನನಗೆ ಬರುತ್ತಿದ್ದದ್ದು ಹೆಚ್ಚಾಗಿ ಕಡಿದ ಕೈಗಳು.

ಶಿಗ್ಲಿಯ ನೇಕಾರ ಹುಸೇನಸಾಬ ಹೆಂಡತಿಯೊಂದಿಗೆ ಬಂದದ್ದು ಗಾಯವಾಗಿ ನಾಲ್ಕು ತಿಂಗಳ ಮೇಲೆ. ಸೂರಿನ ತಗಡು ಜಾರಿ ಎಡ ಮುಂಗೈ ಸೀಳಿತ್ತು. ಚರ್ಮಕ್ಕೆ ಹೊಲಿಗೆ ಬಿದ್ದಿತ್ತು, ಒಳಗೆ ಬೆರಳಾಡಿಸುವ ಅಲ್ನಾರ್ ನರ ತುಂಡಾಗಿಯೇ ಉಳಿದಿತ್ತು. ಕೊನೆಯ ಎರಡು ಬೆರಳು ಮಡಚಿಕೊಂಡಿದ್ದವು. ನರದ ತುದಿಗಳು ದೂರ ಸರಿದಿದ್ದರಿಂದ ನಡುವೆ ಗ್ರಾಫ್ಟ್, ಅಂದರೆ ಬೇರೆ ಕಡೆಯ ನರದ ತುಂಡು, ಜೋಡಿಸಬೇಕಿತ್ತು. ಅದನ್ನು ಮೀನಖಂಡದಿಂದ ತೆಗೆಯುತ್ತೇವೆ, ಕಾಲಿನ ಕಸುವು ಹೋಗುವುದಿಲ್ಲ, ಪಾದದ ಹೊರ ಅಂಚಿಗೆ ಸ್ಪರ್ಶ ತಿಳಿಯುವುದಿಲ್ಲ ಅಷ್ಟೇ ಎಂದೆ.

"ಕುಣಿಮಗ್ಗದಾಗ ಕುಂತ್ರ ಕಾಲು ಕೆಳಗ ತಗ್ಗಿನ್ಯಾಗ ಇರ್ತಾವ, ಕಾಣಂಗಿಲ್ರಿ. ಯಾವ ಹಲಗಿ ತುಳಿಬೇಕು ಅನ್ನೂದು ಕಾಲಿಗೇ ಗೊತ್ತಾಗಬೇಕು. ಕೈ ಅರ್ಧ ಹೋದ್ರೂ ಹೆಂಗೋ ನೇಯ್ತೀನಿ, ಕಾಲು ಹೋದ್ರ ಮಗ್ಗನ ಹೋತು," ಎಂದರು ಹುಸೇನಸಾಬ. ಆಮೇಲೆ, "ಪೇಪರಿನ್ಯಾಗ ಬಂದೈತಲ್ರಿ, ಸ್ಟೆಮ್ ಸೆಲ್ ಇಂಜೆಕ್ಷನ್ ಹಾಕಿದ್ರ ನರ ತಾನ ಬೆಳಿತೈತಂತ. ಅದನ್ನ ಹಾಕ್ರಿ."

ಅಂಥ ಸುದ್ದಿ ಬರೆದವರ ಮೇಲೆ ನನಗೆ ವಿಪರೀತ ಸಿಟ್ಟು ಬಂತು. ಬೇರೆ ಬೇರೆ ಜೀವಕೋಶಗಳಾಗಿ ಬೆಳೆಯಬಲ್ಲ ಆ ಮೂಲಕೋಶದಿಂದ ನರ ಬೆಳೆಸುವ ವಿದ್ಯೆ ಇನ್ನೂ ಪ್ರಯೋಗಾಲಯದಲ್ಲಿತ್ತು. ನರ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಅದು ಮುಟ್ಟುವುದು ತಡವಾದರೆ ಬೆರಳಾಡಿಸುವ ಸ್ನಾಯುಗಳು ವರ್ಷೊಪ್ಪತ್ತಿನಲ್ಲಿ ಒಣಗಿಹೋಗುತ್ತವೆ.

"ಅದು ಬರೂತನಕ ನಿಮ್ಮ ಕೈ ಕಾಯಂಗಿಲ್ಲ, ಹುಸೇನಸಾಬ್ರ."

"ವಿಚಾರ ಮಾಡಿ ಬರ್ತೀವ್ರಿ," ಎಂದು ಎದ್ದರು. ಆ ಮಾತಿನ ಅರ್ಥ ಎಲ್ಲ ಡಾಕ್ಟರರಿಗೂ ಗೊತ್ತು.

ಆದರೂ ಬಂದರು, ಎರಡು ವರ್ಷದ ಮೇಲೆ. ಎಡಗೈಯ ಹೆಬ್ಬೆರಳು-ತೋರುಬೆರಳ ನಡುವಿನ ಸ್ನಾಯು ಒಣಗಿ ಗುಳಿಬಿದ್ದಿತ್ತು. ಕಡಿದ ಎಳೆಗೆ ಗಂಟು ಹಾಕಲೂ ಆಗದೆ ನೇಯ್ಗೆ ನಿಂತಿತ್ತು. ನಾನು ಕೇಳುವ ಮೊದಲೇ ಪೈಜಾಮ ಮೊಣಕಾಲಿಗೆ ಏರಿಸಿ ಕಾಲು ಚಾಚಿದರು.

"ತಗೊಳ್ರಿ ಸಾಹೇಬ್ರ. ಮಗ್ಗದ ಕುಣಿ ಮುಚ್ಚಿಬಿಟ್ಟೀವಿ. ಈಗ ಕಾಲಿಗೆ ಕೆಲಸ ಇಲ್ಲ."

ಬೆರಳು ನೆಟ್ಟಗೆ ಮಾಡುವ ಬೇರೆ ಶಸ್ತ್ರಚಿಕಿತ್ಸೆ ಇದೆ, ಒಣಗಿದ ಸ್ನಾಯುವಿಗೆ ಮಾತ್ರ ಇನ್ನು ಜೀವ ಬರುವುದಿಲ್ಲ ಎಂದು ಹೇಳಲೇಬೇಕಾಯಿತು. ಹೆಂಡತಿ ಬಗ್ಗಿ, ಅವರ ಪೈಜಾಮ ಕೆಳಗಿಳಿಸಿದರು.

ರೋಗಿ ಬೇಡವೆಂದರೆ ಅಂಜಿ ಅಂದನೆಂದು ತಿಳಿಯಬಾರದು. ತನ್ನ ಹತ್ತಿರ ಉಳಿದದ್ದನ್ನು ಅವನು ಕಾಯುತ್ತಿರುತ್ತಾನೆ. ಈ ವೃತ್ತಿ ನನಗೆ ಕಲಿಸಿದ್ದು ಇಷ್ಟು. ಹುಸೇನಸಾಬರು ಮಗ್ಗ ಉಳಿಯಲೆಂದು ಕೈ ಬಿಟ್ಟುಕೊಟ್ಟರು. ಕೈ ಹೋದ ಮೇಲೆ ಮಗ್ಗವೂ ಹೋಯಿತು.