ಎಣ್ಣೆಮರಳು ತುಳಿದ ಕಾಲು

ಗಾಲ್ಫ್ ಮೈದಾನವೆಂದರೆ ಕಣ್ಣು ಹಾಯುವಷ್ಟು ದೂರ ಹಸಿರು ಹುಲ್ಲು ಎಂದು ನಂಬಿದವರು ಹರಿಹರದ ಹೊರಗೆ ನದಿಯ ದಂಡೆಯಲ್ಲಿದ್ದ ನಮ್ಮ ಮೈದಾನವನ್ನು ಕಂಡರೆ ನಿರಾಶರಾಗುತ್ತಿದ್ದರು. ನಮ್ಮದು ಎಂದು ಹೇಳುವುದು ಅಲ್ಲಿ ನಾವು ದುಡಿದ ಕಾರಣಕ್ಕೆ, ಆಡುವವರು ಬೇರೆಯವರಿದ್ದರು. ವರ್ಷವಿಡೀ ಹುಲ್ಲನ್ನು ನುಣ್ಣಗೆ ಇಡುವಷ್ಟು ಖರ್ಚು ಮಾಡಲು ಕ್ಲಬ್ಬಿನವರಿಗೆ ಮನಸ್ಸಿರಲಿಲ್ಲ. ಆದ್ದರಿಂದ ಚೆಂಡು ಬೀಳುವ ಕುಳಿಯ ಸುತ್ತ ದುಂಡಗಿನ ಮರಳಿನ ಅಂಗಳ ಮಾಡಿ, ಗಾಡಿಗಳ ಎಂಜಿನ್ನಿನಿಂದ ಇಳಿಸಿದ ಸುಟ್ಟ ಆಯಿಲನ್ನು ಅದಕ್ಕೆ ಬೆರೆಸುತ್ತಿದ್ದರು. ಎಣ್ಣೆ ಕುಡಿದ ಮರಳು ಗಾಳಿಗೆ ಹಾರುವುದಿಲ್ಲ, ಚೆಂಡು ಅದರ ಮೇಲೆ ನೇರವಾಗಿ ಉರುಳುತ್ತದೆ. ಆ ಅಂಗಳಗಳನ್ನು ಎಲ್ಲರೂ ಬ್ರೌನು ಎನ್ನುತ್ತಿದ್ದರು.

ಮುಂಗಾರು ಹಿಡಿದ ಕೂಡಲೇ ಆಟ ನಿಲ್ಲುತ್ತಿತ್ತು. ಗುತ್ತಿಗೆದಾರ ಗಂಡಾಳುಗಳಿಗೆ ‘ಬ್ರೇಕ್’ ಕೊಟ್ಟು ಮನೆಗೆ ಕಳಿಸುತ್ತಿದ್ದ. ವರ್ಷವಿಡೀ ದುಡಿಸಿಕೊಂಡರೆ ಕಾಯಂ ಮಾಡಿ ಎಂದು ಕೇಳುವ ಹಕ್ಕು ಅವರಿಗೆ ಬಂದುಬಿಡುತ್ತದೆಂಬ ಭಯಕ್ಕೆ ಅವನಿಟ್ಟ ಹೆಸರು ಅದು. ಮಳೆಗಾಲದ ಕೆಲಸಕ್ಕೆ ಹೆಂಗಸರನ್ನು ಉಳಿಸಿಕೊಳ್ಳುತ್ತಿದ್ದ, ಅವರ ಕೂಲಿ ಕಡಿಮೆ ಎಂಬ ಒಂದೇ ಕಾರಣಕ್ಕೆ. ಹೊಳೆ ಇಳಿದ ಮೇಲೆ ಉಳಿದ ರೊಜ್ಜು ಎತ್ತುವುದು, ಜೇಕು ಕಳೆಯ ಗಡ್ಡೆ ಕೀಳುವುದು, ಚರಂಡಿ ಬಿಡಿಸುವುದು, ಬಾವುಟದ ಕೋಲುಗಳಿಗೆ ಬಣ್ಣ ಹಚ್ಚುವುದು, ಕೊನೆಗೆ ಮಹಾನವಮಿಯ ಹೊತ್ತಿಗೆ ಮಳೆಯಲ್ಲಿ ತೊಳೆದುಹೋದ ಬ್ರೌನುಗಳನ್ನು ಅಗೆದು ಮತ್ತೆ ಎಣ್ಣೆ ಕೂಡಿಸುವುದು. ಇಷ್ಟೆಲ್ಲ ಮಾಡುವ ಹೆಂಗಸರಿಗೆ ಒಂದು ಶೌಚಾಲಯವಿರಲಿಲ್ಲ. ಕ್ಲಬ್ಬಿನ ಕಟ್ಟಡದಲ್ಲಿದ್ದವುಗಳ ಮೇಲೆ ‘ಸದಸ್ಯರಿಗೆ ಮಾತ್ರ’ ಎಂಬ ಫಲಕವಿತ್ತು.

ಪದವಿ ಮುಗಿಸಿ ಕೆಲಸಕ್ಕಾಗಿ ಕಾಯುತ್ತಿದ್ದ ವರ್ಷ ನಾನು ಹರಿಹರದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದೆ. ಅವಳೊಂದಿಗೆ ಆ ಮಳೆಗಾಲದ ಕೆಲಸಕ್ಕೆ ಹೋದೆ. ಯಾವ ನಿಯಮವನ್ನೂ ಕಾರಣ ಕೇಳದೆ ಒಪ್ಪಬಾರದು ಎಂದು ಕಲಿಸಿದ ಶಾಲೆಯಲ್ಲಿ ನಾನು ಓದಿದ್ದೆ. ಚಿಕ್ಕಮ್ಮ ಕೊಂಡಜ್ಜಿ ಎಂಬ ಹಳ್ಳಿಯ ಒಕ್ಕಲು ಮನೆತನದವಳು, ಹೆಂಗಸರ ತಂಡಕ್ಕೆ ಮುಂದಾಳು. ಅವಳ ಗಂಡ, ನನ್ನ ಚಿಕ್ಕಪ್ಪ, ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಿದ್ದವನು. ಹಿಂದಿನ ವರ್ಷ ಎದೆನೋವು ಬಂದು ಬದುಕಿ ಉಳಿದಿದ್ದೇ ಹೆಚ್ಚು. ಲಾರಿ ಓಡಿಸುವ ಮಗ ಮನೆಯಲ್ಲಿ ಇರುತ್ತಿದ್ದುದು ಅಪರೂಪ. ಲೋಕಿಕೆರೆಯಿಂದ ಬಂದ ಸೊಸೆ ಮನೆ ನೋಡಿಕೊಳ್ಳುತ್ತಿದ್ದಳು.

ಎಣ್ಣೆಮರಳನ್ನು ಕಾಲಿನಿಂದ ಹದ ಮಾಡಬೇಕಿತ್ತು, ಗೋಡೆಗೆ ಮಣ್ಣು ತುಳಿದ ಹಾಗೆ. ಗುತ್ತಿಗೆದಾರನ ಮೇಸ್ತ್ರಿ ತುಳಿಯುವ ಮೊದಲ ದಿನವೇ ನನ್ನ ಚಪ್ಪಲಿ ಬಿಡಿಸಿದ.

“ಯಾಕ್ರೀ? ಗಮ್‌ಬೂಟ್ ತರಿಸಿ ಕೊಡ್ರಿ,” ಎಂದೆ.

“ಬೂಟ್ನಾಗೆ ತುಳಿದ್ರೆ ಗಂಟು ಉಳಿತಾವೆ ಕಣವ್ವ. ಚೆಂಡು ಗಂಟಿಗೆ ಬಡಿದು ವಾರೆ ಹೋದ್ರೆ ಸಾಹೇಬ್ರು ನನ್ನ ತಲೆ ಒಡಿತಾರೆ. ಬರಿಗಾಲಿಗೆ ಗಂಟು ಗೊತ್ತಾಗ್ತೈತೆ.”

“ಸಾಹೇಬ್ರು ಮೊಳೆ ಬೂಟು ಹಾಕ್ಕಂಡೇ ಆಡ್ತಾರಲ್ಲ?”

“ಅವ್ರ ಬೂಟು, ಅವ್ರ ಬ್ರೌನು. ನೀನು ಕೇಳಾಕೆ ಬಂದೀಯೋ, ತುಳಿಯಾಕೆ ಬಂದೀಯೋ?”

“ತುಳಿಯಾಕೇ ಬಂದಾಳೆ ಬಿಡ್ರಿ ಮೇಸ್ತ್ರಿ,” ಎಂದಳು ಚಿಕ್ಕಮ್ಮ ಸೆರಗು ಸೊಂಟಕ್ಕೆ ಸಿಗಿಸುತ್ತ. “ಕಾಲು ಸಣ್ಣವು ಅಂತ ದೇವ್ರು ಬಾಯಿ ದೊಡ್ಡದು ಕೊಟ್ಟಾನೆ.”

ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟು, ಆ ಕಪ್ಪು ರಾಡಿಯಲ್ಲಿ ಸುತ್ತು ಹಾಕತೊಡಗಿದೆವು. ಸಂಜೆ ಕಾಲಿನ ಜಿಡ್ಡು ಬಿಡಿಸಲು ಮೇಸ್ತ್ರಿ ಒಂದು ಬಾಟಲಿ ಸೀಮೆಎಣ್ಣೆ ಕೊಡುತ್ತಿದ್ದ. ವಿಷವನ್ನು ವಿಷದಿಂದ ತೊಳೆಯುವ ಆ ವ್ಯವಸ್ಥೆಯನ್ನು ಅಲ್ಲಿ ಸೌಲಭ್ಯವೆಂದು ಕರೆಯುತ್ತಿದ್ದರು.

ನನ್ನ ಕಾಲು ಉರಿದರೂ ಗಾಯವಾಗಲಿಲ್ಲ. ಮದುವೆಯಾದ ಹೆಂಗಸರ ಕಾಲುಂಗುರದ ಅಡಿಯಲ್ಲಿ ಆ ಮರಳು ಸೇರಿ, ನಡೆದಾಗಲೆಲ್ಲ ಅರದಂತೆ ಉಜ್ಜುತ್ತಿತ್ತು. ಉಳಿದವರ ಗಾಯಗಳು ಹೇಗೋ ಒಣಗಿದವು. ಚಿಕ್ಕಮ್ಮನಿಗೆ ಸಕ್ಕರೆ ಕಾಯಿಲೆ ಇತ್ತು. ಅವಳ ಎಡಗಾಲಿನ ಬೆರಳು ಊದಿಕೊಂಡು, ಬೆಳ್ಳಿಯ ಉಂಗುರ ಮಾಂಸದೊಳಗೆ ಇಳಿಯತೊಡಗಿತು. ಅವಳು ಅರಿಶಿನ ಮೆತ್ತಿ, ಬಟ್ಟೆ ಸುತ್ತಿ, ಅದರ ಮೇಲೊಂದು ಪ್ಲಾಸ್ಟಿಕ್ ಕವರು ಕಟ್ಟಿಕೊಂಡು ಮರುದಿನವೂ ತುಳಿದಳು.

“ಉಂಗ್ರ ತೆಗೆದಿಡು ಚಿಕ್ಕವ್ವ,” ಎಂದೆ ನಾನು, ಊಟಕ್ಕೆ ಕೂತಾಗ.

“ಯಾಕ, ನಿಮ್ಮ ಚಿಕ್ಕಪ್ಪ ಸತ್ತಾನೇನು?”

ಚಿಕ್ಕಪ್ಪ ರೊಟ್ಟಿ ಮುರಿಯುತ್ತಿದ್ದವನು ತಲೆಯೆತ್ತಿದ. “ನಾನೇ ಹೇಳ್ತೀನಿ, ತೆಗಿಯೇ ಮಾರಾಯ್ತಿ. ನನಗೇನಾಗ್ತೈತೆ? ಗುಂಡುಕಲ್ಲು ಇದ್ದಂಗೆ ಅದೀನಿ.”

“ಗುಂಡುಕಲ್ಲಂತೆ! ಮೊನ್ನೆ ಎರಡು ಮೆಟ್ಲು ಹತ್ತಾಕೆ ಬುಸುಬುಸು ಅಂತಿದ್ದೆ. ಆಸ್ಪತ್ರೆಯಾಗೆ ನೀನು ಕಣ್ಣು ಮುಚ್ಚಿ ಮಲಗಿದ್ದಾಗ ನಾನು ಇದನ್ನೇ ಹಿಡ್ಕಂಡು ಕೂತಿದ್ದೆ. ಈಗ ತೆಗಿ ಅಂತೀಯ. ಸುಮ್ಕೆ ಉಣ್ಣು.”

ಅವನು ಮತ್ತೆ ರೊಟ್ಟಿ ಮುರಿದ. ಗಂಡನ ಉಸಿರನ್ನು ಹೆಂಡತಿಯ ಕಾಲ್ಬೆರಳಿಗೆ ಕಟ್ಟಿದ ಸಂಪ್ರದಾಯ ಅನ್ಯಾಯವೆಂದು ನಾನು ಅಂದೂ ಹೇಳಿದೆ, ಇಂದೂ ಹೇಳುತ್ತೇನೆ. ಆದರೆ ಆ ಬೆರಳನ್ನು ಎಣ್ಣೆಯಲ್ಲಿ ಅದ್ದಿಸಿದ್ದು ಸಂಪ್ರದಾಯವಲ್ಲ. ಮರುದಿನ ಕ್ಲಬ್ಬಿನ ಕಾರ್ಯದರ್ಶಿಯ ಬಳಿ ಹೋದೆ. ಅವರು ಕುರ್ಚಿ ಕೊಟ್ಟು, ಚಹಾ ತರಿಸಿ, ಹೆಂಗಸರು ಗುತ್ತಿಗೆದಾರನ ಆಳುಗಳು, ನಮಗೆ ಸಂಬಂಧವಿಲ್ಲ ಎಂದು ತುಂಬ ಸೌಜನ್ಯದಿಂದ ಹೇಳಿದರು. ಗುತ್ತಿಗೆದಾರ, ಬರಿಗಾಲಲ್ಲಿ ತುಳಿಯಬೇಕೆಂಬುದು ಕ್ಲಬ್ಬಿನ ಆದೇಶ ಎಂದ.

ಆಯುಧಪೂಜೆಯ ದಿನ ಹುಲ್ಲು ಕತ್ತರಿಸುವ ಯಂತ್ರಗಳಿಗೆ ಕುಂಬಳಕಾಯಿ ಒಡೆದರು. ಚಿಕ್ಕಮ್ಮ ಪ್ರಸಾದ ತೆಗೆದುಕೊಳ್ಳಲು ಎದ್ದವಳು ಅಲ್ಲೇ ಕುಸಿದಳು. ಮೈ ಕೆಂಡವಾಗಿತ್ತು. ಆಟೋದಲ್ಲಿ ದಾವಣಗೆರೆಯ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆವು. ಬಟ್ಟೆ ಬಿಚ್ಚಿ ನೋಡಿದ ಡಾಕ್ಟರು, ಬೆರಳು ಕಪ್ಪಾಗಿದೆ, ಪಕ್ಕದ್ದೂ ಹೋಗಿದೆ, ಎರಡನ್ನೂ ತೆಗೆಯದಿದ್ದರೆ ಪಾದ ಉಳಿಯುವುದಿಲ್ಲ ಎಂದರು. ಮೊದಲು ಉಂಗುರ ಕತ್ತರಿಸಬೇಕಿತ್ತು. ನರ್ಸು ಕಟರ್ ತಂದಾಗ ಚಿಕ್ಕಮ್ಮ ಕಾಲು ಎಳೆದುಕೊಂಡಳು.

“ನಮ್ಮ ಮನೆಯವ್ರನ್ನ ಕರೀರಿ.”

ಚಿಕ್ಕಪ್ಪ ಒಳಗೆ ಬಂದ.

“ಹಾಕ್ದೋನು ನೀನು. ನೀನೇ ತೆಗಿ,” ಎಂದಳು. “ಬ್ಯಾರೆಯವ್ರು ಮುಟ್ಟಿದ್ರೆ ನನ್ನ ಜೀವ ತಡಿಯಲ್ಲ.”

ನರ್ಸು ಡಾಕ್ಟರ ಮುಖ ನೋಡಿದಳು. ಅವರು ತಲೆಯಾಡಿಸಿ, ಎಲ್ಲಿ ಹಿಡಿಯಬೇಕೆಂದು ತೋರಿಸಿಕೊಟ್ಟರು. ಮೂಟೆಗಳನ್ನು ಹೊತ್ತು ಒರಟಾದ ಆ ಕೈಗಳು ಕಟರನ್ನು ಉಂಗುರಕ್ಕೆ ಕೂರಿಸಿದವು. ಚಿಕ್ಕಪ್ಪ ಏನೇನೋ ಮಾತಾಡತೊಡಗಿದ.

“ಹಸೆ ಮ್ಯಾಲೆ ಕೂತಾಗ್ಲೂ ಹಿಂಗೇ ಕಾಲು ಎಳ್ಕಂಡಿದ್ದೆ. ಕಚಗುಳಿ ಆಗ್ತೈತೆ ಅಂತ ಕಿಸಿಕಿಸಿ ನಗ್ತಿದ್ದೆ. ನಿಮ್ಮಪ್ಪ ಕಣ್ಣು ಬಿಟ್ಟಿದ್ದ.”

“ಈಗ ಕಚಗುಳಿ ಇಲ್ಲ ಬಿಡು,” ಎಂದಳು ಚಿಕ್ಕಮ್ಮ. “ನೀನು ಮುಟ್ಟಿದ್ದೇ ಗೊತ್ತಾಗಲ್ಲ.”

ಬೆಳ್ಳಿ ತುಂಡಾಗುವ ಸದ್ದು ಕೇಳಿಸಿತು. ಚಿಕ್ಕಪ್ಪ ಆ ತುಂಡುಗಳನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಹೊರಗೆ ಹೋದವನು, ವರಾಂಡದ ಗೋಡೆಗೆ ಮುಖ ಕೊಟ್ಟು ನಿಂತ.

ಎರಡು ಬೆರಳು ತೆಗೆದ ಗಾಯ ಮಾಯುವವರೆಗೆ ಅವಳನ್ನು ದಾವಣಗೆರೆಯಲ್ಲೇ ಸರಸ್ವತಿ ನಗರದಲ್ಲಿದ್ದ ನನ್ನ ಅಪ್ಪ-ಅಮ್ಮನ ಮನೆಯಲ್ಲಿ ಇಟ್ಟುಕೊಂಡೆವು. ಅರಿಶಿನ ಕುಂಕುಮ ಕೊಡಲು ಬಂದ ಅಕ್ಕಪಕ್ಕದವರು ಬಟ್ಟಲು ಹಿಡಿದು, ಉಂಗುರವಿಲ್ಲದ ಅವಳ ಎಡಗಾಲನ್ನು ನೋಡಿ ಒಂದು ಕ್ಷಣ ತಡೆಯುತ್ತಿದ್ದರು. ಓದಿದ ಹೆಂಗಸರೇ ಅವರೆಲ್ಲ. ಅವಳು ಸೀರೆಯ ಅಂಚನ್ನು ಪಾದದ ಮೇಲೆ ಎಳೆದುಕೊಂಡು, “ಗಂಡ ಅದಾನ್ರವ್ವ, ಹೊರಗೆ ಬೀಡಿ ಸೇದ್ತಾ ಕೂತಾನೆ, ನೋಡ್ರಿ ಬೇಕಾದ್ರೆ,” ಎನ್ನುತ್ತಿದ್ದಳು.

ಪರಿಹಾರಕ್ಕಾಗಿ ನಾನು ಹತ್ತಿದ ಮೆಟ್ಟಿಲುಗಳ ಕಥೆ ಇಲ್ಲಿ ಬೇಡ. ಹೋದ ಕಡೆಯಲ್ಲೆಲ್ಲ ಸಕ್ಕರೆ ಕಾಯಿಲೆಯೇ ಅಪರಾಧಿಯಾಗಿತ್ತು. ಮುಂದಿನ ಮುಂಗಾರಿನಲ್ಲಿ ಚಿಕ್ಕಮ್ಮ ಕುಂಟುತ್ತಲೇ ಕ್ಲಬ್ಬಿನ ಗೇಟಿಗೆ ಹೋದಳು, ಕೂತು ಬಾವುಟದ ಕೋಲಿಗೆ ಬಣ್ಣ ಹಚ್ಚುತ್ತೇನೆ ಎಂದು ಕೇಳಲು. ನಾನೂ ಜೊತೆಗಿದ್ದೆ. ಬ್ರೌನು ತುಳಿಯಲಾಗದವರಿಗೆ ಕೆಲಸವಿಲ್ಲ ಎಂದ ಮೇಸ್ತ್ರಿ, ನಾವು ತಿರುಗುವಾಗ ಮೆಲ್ಲಗೆ ಸೇರಿಸಿದ: “ನಿನ್ನ ಜಾಗ ಖಾಲಿ ಇಟ್ಟೀನಿ ಅಕ್ಕ. ಮನ್ಯಾಗೆ ಯಾರಾದ್ರೂ ಇದ್ರೆ ಕಳಿಸು.”

ಅವನು ಅದನ್ನು ದಯೆಯಿಂದಲೇ ಹೇಳಿದ.

“ಬ್ಯಾಡ ಚಿಕ್ಕವ್ವ,” ಎಂದೆ ದಾರಿಯುದ್ದಕ್ಕೂ. “ಆ ಎಣ್ಣೆಗೆ ಇನ್ನೊಬ್ರ ಕಾಲು ಕೊಡಬ್ಯಾಡ.”

“ನಿಮ್ಮ ಚಿಕ್ಕಪ್ಪ ಇನ್ನು ಮೂಟೆ ಹೊರಂಗಿಲ್ಲ. ನಾನು ನಿಲ್ಲಂಗಿಲ್ಲ. ಬ್ಯಾಡ ಅಂತ ಹೇಳಾಕೆ ನಿನಗೆ ಬರ್ತೈತೆ ಮಗಳೇ. ನನಗೆ ಹೆಂಗೆ ಬರ್ತೈತೆ?”

ಮಹಾನವಮಿಗೆ ಮುಂಚೆ ಎಣ್ಣೆಯ ಡ್ರಮ್ಮುಗಳು ಬಂದಿಳಿದವು. ಆ ಬೆಳಿಗ್ಗೆ ಸೊಸೆ ಬುತ್ತಿ ಕಟ್ಟಿಕೊಂಡು ಅತ್ತೆಯ ಜಾಗಕ್ಕೆ ತುಳಿಯಲು ಹೊರಟಾಗ ಚಿಕ್ಕಮ್ಮ ಅವಳನ್ನು ಹೊಸ್ತಿಲ ಬಳಿ ಕೂರಿಸಿದಳು. ಬಟ್ಟಲಲ್ಲಿ ಸೋಪಿನ ನೀರು ಕಲಸಿಟ್ಟಿದ್ದಳು.

“ಕಾಲು ಕೊಡು.”

“ಅಯ್ಯೋ ಅತ್ತೆವ್ವ, ನೀವು ನನ್ನ ಕಾಲು ಮುಟ್ಟಬ್ಯಾಡ್ರಿ. ನನಗೆ ಪಾಪ ಹತ್ತತೈತೆ.”

“ಹತ್ತೋ ಪಾಪ ನನಗೆ ಹತ್ತಲಿ. ಕೊಡು ಅಂದೆ.”

ಅತ್ತೆ ಸೊಸೆಯ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಸೋಪು ಸವರಿ, ಉಂಗುರಗಳನ್ನು ಒಂದೊಂದಾಗಿ ತಿರುಗಿಸಿ ತೆಗೆದಳು. ಸೊಸೆ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಚಿಕ್ಕಪ್ಪ ಅಂಗಳದಲ್ಲಿ ಬೆನ್ನು ತಿರುಗಿಸಿ ಕೂತಿದ್ದ. ಊರಿನ ಕಾರ್ಖಾನೆಯ ಮೊದಲ ಶಿಫ್ಟಿನ ಸೈರನ್ ಕೂಗಿತು. ಸೊಸೆ ಕಣ್ಣೊರೆಸಿಕೊಂಡು ಎದ್ದು, ಚಪ್ಪಲಿ ಮೆಟ್ಟಿ, ಬೀದಿಗಿಳಿದಳು. ಉಂಗುರವಿದ್ದ ಜಾಗದಲ್ಲಿ ಬೆರಳ ಚರ್ಮ ಬೆಳ್ಳಗೆ, ಎಳೆಗೂಸಿನದರಂತೆ ಕಾಣುತ್ತಿತ್ತು.