ಪೇಢೆ ಡಬ್ಬಿಯಲ್ಲಿ ಹೋದ ರೆಕಾರ್ಡು

ಸುಮತಿ ಅಕ್ಕಾ, ನಿಮ್ಮ ಅವ್ವನ ರೆಕಾರ್ಡಿನ ಕವರು ಹಾಳಾಗಿಲ್ಲ. ಬಸ್ಸಿನಲ್ಲಿ ಕಾಲಡಿ ಸಿಕ್ಕು ಚಿಂದಿಯಾಯಿತು ಎಂದು ನಿಮಗೆ ಹೇಳಿದ್ದು ಸುಳ್ಳು. ಅದು ಅಥಣಿಯಲ್ಲಿ ನನ್ನ ಮನೆಯ ಅಲಮಾರಿಯಲ್ಲಿದೆ — ಒಂದು ಮೂಲೆಯೂ ಮಡಚಿಲ್ಲ. ಅದು ಆವತ್ತು ಬಸ್ಸು ಹತ್ತಲೇ ಇಲ್ಲ.

ಇಷ್ಟು ಬರೆದು, ಎದ್ದು ಹೋಗಿ, ನೀರು ಕುಡಿದು ಬಂದೆ. ಎದುರಿಗೆ ಕೂತು ಹೇಳಬೇಕಾದ ಮಾತು ಇದು, ನಿಜ. ಆದರೆ ಈಗ ನಿಮ್ಮ ಕಿವಿಗೆ ಮುಟ್ಟುವಂತೆ ಹೇಳಬೇಕೆಂದರೆ ನಾನು ಕೂಗಬೇಕು. ನಾನು ಕೂಗಿದರೆ ಶಿರಗುಪ್ಪಿಯ ನಿಮ್ಮ ಓಣಿಗೆಲ್ಲ ಕೇಳಿಸುತ್ತದೆ, ನಿಮ್ಮೊಬ್ಬರನ್ನು ಬಿಟ್ಟು. ಅದಕ್ಕೇ ಬರೆಯುತ್ತಿದ್ದೇನೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಇದೂ ನೆಪವೇ. ನಿಮ್ಮ ಕಿವಿ ನೆಟ್ಟಗಿದ್ದ ವರ್ಷಗಳಲ್ಲಿ ನಾನು ಎಲ್ಲಿಗೆ ಹೋಗಿದ್ದೆ?

ನನ್ನ ಸ್ವಭಾವ ನಿಮಗೆ ಗೊತ್ತು. ಚಪ್ಪಲಿ ಅಂಗಡಿಗೆ ಕೀಲಿ ಹಾಕಿ, ಮನೆ ಮುಟ್ಟಿ, ಚಪ್ಪಲಿ ಬಿಡುವ ಮೊದಲೇ ತಿರುಗಿ ಹೋಗಿ ಕೀಲಿ ಜಗ್ಗಿ ನೋಡಿ ಬರುವವನು. ಆಕಾಶದಲ್ಲಿ ಒಂದು ಮೋಡ ಕಂಡರೆ ಗೋದಾಮಿನ ತೊಗಲಿಗೆ ಬೂಷ್ಟು ಹಿಡಿಯಿತೆಂದು ಎದೆ ಹೊಡೆದುಕೊಳ್ಳುವವನು. ಇಂಥವನಿಗೆ ರೆಕಾರ್ಡು ಕೊಳ್ಳುವ ಚಟ ಬೇರೆ. ಮೊಬೈಲಿನಲ್ಲಿ ಬೇಕಾದ ಹಾಡು ಪುಕ್ಕಟೆ ಸಿಗುವ ಕಾಲದಲ್ಲಿ ನನಗೆ ಹಾಡು ಕೈಯಲ್ಲಿ ಹಿಡಿಯಲು ಬೇಕು. ಕವರು ಮೂಸಬೇಕು. ಹಿಂಬದಿಗೆ ತಬಲಾ ಯಾರು, ಹಾರ್ಮೋನಿಯಂ ಪೇಟಿ ಯಾರು ಎಂದು ಕನ್ನಡಕ ಏರಿಸಿ ಓದಬೇಕು. ಹಾಡು ಮುಗಿದ ಮೇಲೂ ತೊಡೆಯ ಮೇಲೆ ಏನಾದರೂ ಉಳಿದಿರಬೇಕು.

ಆದರೆ ಈ ರೆಕಾರ್ಡುಗಳು ಕೊರಿಯರಿನಲ್ಲಿ ಬರುವ ಅವತಾರ ನೋಡಬೇಕು ನೀವು. ಹಪ್ಪಳದಂಥ ರಟ್ಟು, ಅದಕ್ಕೆ ಒಂದು ಸುತ್ತು ಟೇಪು. ಮೂಲೆ ಮಡಚಿರುತ್ತದೆ, ಅಂಚು ಬಿಟ್ಟಿರುತ್ತದೆ. ಪ್ರತಿ ಸಲ ನಾನು ಅದನ್ನು ಎತ್ತಿ ಹಿಡಿದು ಮನೆಯಲ್ಲಿ ಭಾಷಣ ಮಾಡುತ್ತೇನೆ. ನನ್ನ ಹೆಂಡತಿ ಶೋಭಾ ರೊಟ್ಟಿ ಬಡಿಯುತ್ತಲೇ ಹೇಳುತ್ತಾಳೆ: “ಕಾಲಿಗೆ ಹಾಕ್ಕೊಳ್ಳೂದು ಗಟ್ಟಿ ಡಬ್ಬ್ಯಾಗ ಹೋಗತೈತಿ, ಕಿವಿಗೆ ಕೇಳೂದು ಪಾಕೀಟಿನ್ಯಾಗ ಬರತೈತಿ. ಆ ಹಾಡಿನ ಮಂದೀಗೆ ಚಪ್ಪಲಿ ಮಾರಾವ್ರಷ್ಟೂ ಬುದ್ಧಿಲ್ಲ ನೋಡ್ರಿ.”

ಆ ಮಾತಿಗೆ ನಾನು ಹಿಗ್ಗುತ್ತಿದ್ದೆ, ಅಕ್ಕಾ. ಪ್ಯಾಕಿಂಗ್ ವಿಷಯದಲ್ಲಿ ಅಥಣಿಯಲ್ಲಿ ನನ್ನ ಸಮ ಯಾರೂ ಇಲ್ಲ ಎಂದು.

ನೀವು ಮೊದಲ ಸಲ ಅಂಗಡಿಗೆ ಬಂದದ್ದು ನನಗೆ ಚೆನ್ನಾಗಿ ನೆನಪಿದೆ. ಮೆಟ್ಟಿಲ ಮೇಲೆಯೇ ನಿಂತು, “ತೊಗಲಿಂದು ಬ್ಯಾಡ ತಮ್ಮಾ, ನಾವು ಜೈನರು. ರಬ್ಬರಿಂದು ಇದ್ರ ಕೊಡು” ಅಂದಿರಿ. ಒಳಗೆ ನನ್ನ ರೆಕಾರ್ಡು ತಿರುಗುತ್ತಿತ್ತು. ಚಪ್ಪಲಿ ಕಾಲಿಗೆ ಹಾಕುವುದನ್ನು ಮರೆತು ಅದನ್ನೇ ನೋಡುತ್ತ ನಿಂತಿರಿ. “ನಮ್ಮವ್ವಂದೂ ಒಂದು ಪ್ಲೇಟ್ ಐತಿ” ಅಂದಿರಿ.

ಮುಂದಿನ ಸಂತೆಗೆ ಅದನ್ನು ತಂದಿರಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ. ಸಣ್ಣ ರೆಕಾರ್ಡು, ಆ ಕಡೆ ಒಂದು, ಈ ಕಡೆ ಒಂದು ಭಜನೆ. ಬಸದಿಯಲ್ಲಿ ಹಾಡುತ್ತಿದ್ದ ನಿಮ್ಮ ಅವ್ವನನ್ನು ಯಾರೋ ಒಮ್ಮೆ ಕರೆದುಕೊಂಡು ಹೋಗಿ ಹಾಡಿಸಿದ್ದರು, ಅಷ್ಟೇ. ಮನೆಯಲ್ಲಿದ್ದ ಮಶಿನ್ನು ಎಂದೋ ಕೆಟ್ಟು ಹೋಗಿ, ನೀವು ಸಣ್ಣವರಿದ್ದಾಗ ಕೇಳಿದ್ದೇ ಕೊನೆ. ಮತ್ತೆ ಆ ಕವರು — ಆ ಕಾಲದ ದಪ್ಪ ರಟ್ಟು, ಹಸಿರು ಇಳಕಲ್ಲ ಸೀರೆಯ ಹೆಣ್ಣುಮಗಳು, ಮುಂದೆ ಪೇಟಿ. ಕಣ್ಣು ಮಾತ್ರ ಕ್ಯಾಮೆರಾದ ಕಡೆಗಿಲ್ಲ, ಪಕ್ಕಕ್ಕೆ. ನೀವು ಬೆರಳಿಟ್ಟು ತೋರಿಸಿದಿರಿ: “ನಾ ಇಲ್ಲೇ ಬಾಜೂಕ ನಿಂತಿದ್ನಿ. ಅವ್ವ ನನ್ನ ನೋಡಾಕತ್ತಾಳ.”

“ಒಂದ್ಸಲ ಹಚ್ಚು ತಮ್ಮಾ” ಅಂದಿರಿ.

ನಾನು ಹಚ್ಚಲಿಲ್ಲ. ನನ್ನ ಸೂಜಿ ಸವೆದಿತ್ತು. ಗೀರು ಬಿದ್ದರೆ? ಇರುವುದು ಇದೊಂದೇ — ಬೇಡ ಅಕ್ಕಾ, ನಿಪ್ಪಾಣಿಯಲ್ಲಿ ಒಬ್ಬರಿದ್ದಾರೆ, ತೊಳೆದು, ಒಳ್ಳೆಯ ಸೂಜಿ ಹಾಕಿ, ನಿಮ್ಮ ಮೊಬೈಲಿಗೇ ಇಳಿಸಿಕೊಡುತ್ತಾರೆ, ಆಮೇಲೆ ದಿನಾ ಕೇಳಿರಿ ಅಂದೆ. ನೀವು ಮುಖ ಸಣ್ಣದು ಮಾಡಿಕೊಂಡು, “ನೀ ಹೇಳಿದಂಗ ಆಗ್ಲಿ, ನೀ ಕಾಳಜಿ ಮನಷ್ಯಾ” ಅಂದಿರಿ. ಮಶಿನ್ನು ನಿಮ್ಮ ಕೈಗೆ ಎಟುಕುವಷ್ಟು ದೂರದಲ್ಲಿತ್ತು. ಸವೆದ ಸೂಜಿಯಲ್ಲಾದರೂ, ಗೀರು ಬಿದ್ದಾದರೂ, ಆ ಹೊತ್ತು ನೀವು ನಿಮ್ಮ ಅವ್ವನ ದನಿ ಕೇಳಿಕೊಂಡು ಹೋಗುತ್ತಿದ್ದಿರಿ. ಇದನ್ನು ನೆನೆದರೆ ನನಗೆ ಇವತ್ತಿಗೂ — ಇರಲಿ, ನನ್ನ ಸಂಕಟ ಇಲ್ಲಿ ಮುಖ್ಯವಲ್ಲ.

ಮರುದಿನ ಬೆಳಿಗ್ಗೆ ಪ್ಯಾಕಿಂಗಿಗೆ ಕೂತೆ. ನಮ್ಮ ಕಡೆ ಬಸ್ಸಿನಲ್ಲಿ ಹೋಗದ ವಸ್ತುವಿಲ್ಲ. ಮರೆತು ಬಂದ ಕನ್ನಡಕ, ಬುತ್ತಿ, ಔಷಧ, ಎಲ್ಲವೂ ಕಂಡಕ್ಟರ್ ಕೈಗೆ ಕೊಟ್ಟು ಆ ಊರಿಗೆ ಫೋನ್ ಮಾಡಿದರಾಯಿತು. ನಿಪ್ಪಾಣಿ ಬಸ್ಸಿನ ಪರಸಪ್ಪ ಯಾರಿಗೂ ಇಲ್ಲ ಎನ್ನದವನು. ಅವನ ಕೈಗೆ ಕೊಡುವುದೆಂದು ಗೊತ್ತು ಮಾಡಿದೆ. ಆಮೇಲೆ ನನ್ನ ಚಿಂತೆಗಳು ಸಾಲುಗಟ್ಟಿದವು. ಬಸ್ಸಿನಲ್ಲಿ ಇಂಥ ಕವರಿನ ಮೂಲೆ ಮಡಚೀತು. ನಿಪ್ಪಾಣಿಯವರಿಗೆ ಬೇಕಾದದ್ದು ರೆಕಾರ್ಡು, ಕವರು ತಗೊಂಡು ಅವರೇನು ಮಾಡುತ್ತಾರೆ? ಕವರು ನನ್ನ ಹತ್ತಿರ ಜೋಪಾನವಾಗಿರಲಿ...

ಜೋಪಾನ ಎಂದೆ. ಆಸೆ ಎನ್ನಬೇಕಿತ್ತು. ಅಂಥ ಕವರು ನನ್ನ ಬಳಿ ಒಂದೂ ಇರಲಿಲ್ಲ. ಕೆಲವು ದಿನ ನನ್ನ ಸಾಲಿನಲ್ಲಿ ನಿಲ್ಲಿಸಿಕೊಂಡು ನೋಡಬೇಕೆನಿಸಿತು. ಕಳ್ಳತನವೆಂದು ನನಗೆ ಅನ್ನಿಸಲೇ ಇಲ್ಲ, ನನ್ನ ಕಾಳಜಿ ಅದಕ್ಕೆ ಅಷ್ಟು ಚೆಂದದ ಅಂಗಿ ತೊಡಿಸಿತ್ತು.

ಬರೀ ರೆಕಾರ್ಡು ಉಳಿಯಿತು. ಸುತ್ತಲೂ ಗಟ್ಟಿ ಡಬ್ಬಿಗಳ ಗುಡ್ಡೆ, ಎಲ್ಲವೂ ಚಪ್ಪಲಿಯವು. ದೇವರ ಪದ, ಅದೂ ಜೈನರ ಮನೆಯದು, ತೊಗಲು ಚಪ್ಪಲಿಯ ಡಬ್ಬಿಯಲ್ಲಿ ಇಡುವುದೇ? ಛೇ, ಅಕ್ಕನಿಗೆ ಗೊತ್ತಾದರೆ ಏನು ತಿಳಿದಾರು! ಹಾಗೆ ಅಂದುಕೊಂಡವನು, ಯಾರದೋ ತೊಟ್ಟಿಲ ಕಾರ್ಯಕ್ಕೆ ಬಂದಿದ್ದ ಪೇಢೆಯ ಖಾಲಿ ಡಬ್ಬಿ ತೆಗೆದುಕೊಂಡೆ. ಉಗುರು ಒತ್ತಿದರೆ ತೂತು ಬೀಳುವ ರಟ್ಟು. ಹಳೆಯ ಪೇಪರಿನಲ್ಲಿ ರೆಕಾರ್ಡು ಸುತ್ತಿ ಅದರಲ್ಲಿಟ್ಟು, ಒಂದು ಸುತ್ತು ಟೇಪು ಹಚ್ಚಿದೆ. ನಿಮ್ಮ ಕವರು ಕದ್ದವನಿಗೆ ಮೈಲಿಗೆಯ ಚಿಂತೆ!

ಒಳಗೇನಿದೆ ಎಂದು ಪರಸಪ್ಪನಿಗೆ ಹೇಳಲೂ ಇಲ್ಲ. ಹೇಳಿದರೆ ಜವಾಬ್ದಾರಿಗೆ ಹೆದರಿ ಬೇಡವೆಂದಾನು ಎಂಬ ಅಂಜಿಕೆ. ಅವನು ಎಲ್ಲರ ಸಾಮಾನಿನಂತೆ ಅದನ್ನೂ ಡ್ರೈವರ್ ಪಕ್ಕದ ಇಂಜಿನ್ ಬಾನೆಟ್ ಮೇಲೆ ಇಟ್ಟ. ಬೇಸಿಗೆ. ಮೇಲೆ ಯಾರೋ ಬೆಲ್ಲದ ಚೀಲ ಹೇರಿದರು.

ಸಂಜೆ ನಿಪ್ಪಾಣಿಯಿಂದ ಫೋನು ಬಂತು. “ಅಣ್ಣಾರ, ಇದು ಬಿಸಿಗೆ ಡೊಂಕಾಗಿ ನಡಕ ಸೀಳೇತ್ರಿ. ಏನೂ ಮಾಡಾಕ ಬರೂದಿಲ್ಲ. ಹಿಂಗ್ಯಾಕ ಬರೇ ಪೇಪರ್ ಸುತ್ತಿ ಕಳಿಸೀರಿ? ಕವರ್ ಇರಲಿಲ್ಲೇನ್ರಿ?”

ಅವರು ಅದನ್ನು ಹಿಂದಕ್ಕೆ ಕಳಿಸಿದರು. ಸೀಳಿದ ರೆಕಾರ್ಡನ್ನು ನಿಮ್ಮ ಕೈಗಿಡುವಾಗ ಕವರನ್ನೂ ಕೊಡಬಹುದಿತ್ತು. ಕೊಟ್ಟಿದ್ದರೆ, ರೆಕಾರ್ಡು ಬೆತ್ತಲೆ ಹೋಗಿತ್ತೆಂದು ನಿಮಗೆ ತಿಳಿಯುತ್ತಿತ್ತು. ಆಗ ನನ್ನ ಬಾಯಿಂದ ಬಂದ ಮಾತು: “ಕವರ್ ಸುದ್ದಾ ಹೋತ್ರಿ ಅಕ್ಕಾ. ಎರಡ ಹಲಗಿ ನಡಕ ಇಟ್ಟು ಕಟ್ಟಿದ್ದೆ. ಆ ಕಂಡಕ್ಟರ್ ಪರಸಪ್ಪ ಒಗದಾನ್ರಿ, ಕಾಲಾಗ ಸಿಕ್ಕು ಚಿಂದಿ ಆಗೇತಿ.”

ನೀವು ಅಳಲಿಲ್ಲ. ಸೀಳಿನ ಮೇಲೆ ಬೆರಳಾಡಿಸಿ, ಅದೇ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಹೋದಿರಿ.

ಆಮೇಲೆ ಒಂದು ದಿನ ಕಾಗವಾಡದ ಬಸ್ ಸ್ಟ್ಯಾಂಡಿನಲ್ಲಿ ಪರಸಪ್ಪ ಸಿಕ್ಕಾಗ ಅವನನ್ನು ಕೇಳಿಯೇ ಬಿಟ್ಟಿರಿ. ಅವನು ಇದ್ದದ್ದನ್ನೇ ಹೇಳಿದ. ನೀವು ಅಂಗಡಿಗೆ ಬಂದು ನನಗೆ ವರದಿ ಒಪ್ಪಿಸಿದಿರಿ: “ಪೇಢೆ ಡಬ್ಬಿ ಇತ್ತಂತ ತಮ್ಮಾ! ಹೆಂಗ ಸುಳ್ಳ ಹೇಳತಾನ ನೋಡು. ಕೀಲಿ ಎರಡೆರಡ ಸಲ ಜಗ್ಗಿ ನೋಡಾಂವ, ನೀ ಪೇಢೆ ಡಬ್ಬ್ಯಾಗ ಇಡತೀ? ನಾಲ್ಕ ಮಂದ್ಯಾಗ ಬೈದೇ ಬಂದ್ನಿ ಅವಗ.”

ನಾನು ನಕ್ಕೆ. ಹೌದು ಅಕ್ಕಾ, ನಿಮ್ಮ ಜೊತೆ ಕೂಡಿ ನಕ್ಕೆ.

ಪರಸಪ್ಪ ಅಂದಿನಿಂದ ಯಾರ ಸಾಮಾನನ್ನೂ ಮುಟ್ಟುವುದಿಲ್ಲ. “ಯಾರ್ದೂ ಬ್ಯಾಡ್ರಿ” ಎಂದು ಕೈ ಹಿಂದೆ ಕಟ್ಟಿಕೊಳ್ಳುತ್ತಾನೆ, ಔಷಧವಾದರೂ. ಮಂದಿ ಅವನಿಗೆ ಸೊಕ್ಕು ಬಂದಿದೆ ಎನ್ನುತ್ತಾರೆ. ನಾನು ಹೂಂ ಎನ್ನುತ್ತೇನೆ.

ಇನ್ನು ನನ್ನನ್ನು ನಿಜಕ್ಕೂ ಕೊಲ್ಲುವ ಮಾತು. ಪ್ರತಿ ವರ್ಷ ದಶಲಕ್ಷಣ ಪರ್ವ ಮುಗಿದ ಮೇಲೆ, ನಿಮ್ಮವರು ಎಲ್ಲರ ಕ್ಷಮೆ ಕೇಳುವ ದಿನ, ನೀವು ನನಗೆ ಫೋನ್ ಮಾಡುತ್ತೀರಿ. “ತಮ್ಮಾ, ತಿಳದೋ ತಿಳೀದನೋ ನನ್ನ ಕಡಿಂದ ತಪ್ಪಾಗಿದ್ರ ಕ್ಷಮಾ ಮಾಡಪಾ. ಆ ಪ್ಲೇಟ್ ತಂದ್ಕೊಟ್ಟು ನಿನ್ನ ತಲಿ ಮ್ಯಾಲೆ ಭಾರ ಹಾಕಿದ್ನಿ.” ಮೊದಲ ವರ್ಷ ತಡವರಿಸುತ್ತ ಅಂದೆ: “ಇರ್ಲಿ ಬಿಡ್ರಿ ಅಕ್ಕಾ, ಕ್ಷಮಾ ಮಾಡೇನಿ.”

ನಾನು — ನಿಮ್ಮನ್ನು — ಕ್ಷಮಿಸಿದೆ. ವರ್ಷ ವರ್ಷ ಕ್ಷಮಿಸುತ್ತ ಬಂದೆ. ಬರಬರುತ್ತ ಆ ಮಾತು ಸಲೀಸಾಗಿ ಬರತೊಡಗಿತು.

ಇನ್ನೊಂದು ಪ್ರತಿ ಹುಡುಕಿ ಕೊಡುತ್ತೇನೆಂದು ಮಾತು ಕೊಟ್ಟಿದ್ದೆ. ಹುಡುಕಿದ್ದೇನೆ ಎನ್ನುವುದು ಸುಳ್ಳಲ್ಲ. ಕಂಡವರ ಅಟ್ಟದ ರೆಕಾರ್ಡುಗಳನ್ನು ಗಂಟುಗಟ್ಟಲೆ ಕೊಂಡೆ. ಮನೆಯಲ್ಲಿ ಕಾಲಿಡಲು ಜಾಗವಿಲ್ಲ, ಶೋಭಾ ನನ್ನ ಜೊತೆ ಮಾತು ಬಿಟ್ಟು ಗೋಡೆಯ ಜೊತೆ ಆಡುತ್ತಾಳೆ. ಆದರೆ ಅಟ್ಟದಲ್ಲಿ ಹಳೆಯ ರೆಕಾರ್ಡು ಇಟ್ಟುಕೊಂಡ ಮನೆಯವರು ಹೆಸರು ಹೇಳಿದರೆ ಗುರುತಿಸುವುದಿಲ್ಲ, ಚಿತ್ರ ಕಂಡರೆ ಗುರುತಿಸುತ್ತಾರೆ. ರೆಕಾರ್ಡು ಕೊಳ್ಳುವವರ ಮೊಬೈಲ್ ಗುಂಪುಗಳಲ್ಲಿ ಈ ಕವರಿನ ಫೋಟೊ ಒಂದು ಹಾಕಿದ್ದರೆ ಸಾಕಿತ್ತು. ಹಾಕಲಿಲ್ಲ. ಕವರು ನನ್ನ ಹತ್ತಿರ ಇದೆಯೆಂದು ತಿರುಗಿ ತಿರುಗಿ ನಿಮಗೆ ಮುಟ್ಟೀತು ಎಂಬ ಅಂಜಿಕೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹುಡುಕಿದೆ, ಅಕ್ಕಾ — ಬೇಕೆಂದೇ.

ಈ ಸಲ ನೀವು ಫೋನ್ ಮಾಡಲಿಲ್ಲ. ನೀವೇ ಬಂದಿರಿ. “ಬಲಗಿವಿ ಹೋತಪಾ. ಎಡಗಿವಿನೂ ಹೋಗಾಕತ್ತೈತಿ, ಡಾಕ್ಟರ್ ಕೈ ಬಿಟ್ಟಾರ. ಪೂರ್ತಿ ಮುಚ್ಚೂದರೊಳಗ ಒಂದ್ಸಲ ಕೇಳಬೇಕಂತ... ಸಿಕ್ತೇನು?”

ಇಲ್ಲವೆಂದು ತಲೆಯಾಡಿಸಿದೆ.

“ಸಿಗದಿದ್ರ ಬಿಡು. ಅವ್ವನ ಮಾರಿನೂ ಮಸುಕಾಗಾಕತ್ತೈತಿ ನನಗ. ನೀ ಒಮ್ಮೆ ನೋಡಿದ್ಯಲ್ಲ, ಸೀರಿ ಹಸರಿತ್ತೋ ನೀಲಿ ಇತ್ತೋ?”

“ಹಸರು” ಅಂದೆ. ನಿಮಗೆ ಕೇಳಿಸಲಿಲ್ಲ. ನನ್ನ ತುಟಿ ನೋಡಿ ತಿಳಿದುಕೊಂಡಿರಿ. “ಹಸರು!” ಎಂದು ಮುಖ ಅರಳಿಸಿ, “ಎಷ್ಟ ನೆನಪ ಇಟ್ಟೀಯೋ ತಮ್ಮಾ” ಅಂದಿರಿ. ನೆನಪು ಎಲ್ಲಿಯದು? ಹಿಂದಿನ ದಿನವೇ ತೆಗೆದು ನೋಡಿದ್ದೆ.

ಆಮೇಲೆ ನಾನು ಅಂಗಡಿಯಲ್ಲಿ ಕೂತು ವ್ಯಾಪಾರ ಮಾಡಲಾರದವನಾದೆ. ನಿಮ್ಮ ಎಡಗಿವಿ ದಿನಾ ಒಂದಿಷ್ಟು ಮುಚ್ಚುತ್ತಿದೆ, ನಾನು ಇಲ್ಲಿ ಚಪ್ಪಲಿ ಜೋಡಿಸುತ್ತಿದ್ದೇನೆ.

ನಿನ್ನೆ ಬಸ್ ಸ್ಟ್ಯಾಂಡಿಗೆ ಹೋಗಿ ಪರಸಪ್ಪನಿಗೆ ಎಲ್ಲ ಹೇಳಿದೆ. ಅವನು ಟಿಕೀಟು ಮಶಿನ್ನು ಒರೆಸುತ್ತ ಕೇಳಿಸಿಕೊಂಡ. “ನನಗ ಹೇಳಾಕ ಬಂದೀರಿ? ನನಗ ಮೊದಲ ಗೊತ್ತಿತ್ತಲ್ರೀ, ಪೇಢೆ ಡಬ್ಬಿ ಅಂತ” ಅಂದ. “ಅಕ್ಕಾರಿಗೆ ಹೇಳ್ರಿ. ನಾಲ್ಕ ಮಂದ್ಯಾಗ ಹೇಳ್ರಿ.” ಅದಕ್ಕೇ ಇದನ್ನು ನಾಲ್ಕು ಜನ ಓದುವಲ್ಲಿ ಅಚ್ಚು ಹಾಕಿಸಲು ಕೊಡುತ್ತಿದ್ದೇನೆ. ಅವನು ಸುಳ್ಳು ಹೇಳಲಿಲ್ಲ. ಸುಳ್ಳು ಹೇಳಿದವನು ನಾನು.

ಇವತ್ತು ಬೆಳಿಗ್ಗೆ ಕವರಿನ ಫೋಟೊ ಎಲ್ಲ ಗುಂಪುಗಳಿಗೂ ಹಾಕಿದೆ, ಇದು ಯಾರ ಕವರು, ನನ್ನ ಹತ್ತಿರ ಹೇಗೆ ಬಂತು ಎಂಬುದನ್ನೂ ಸೇರಿಸಿ. ಇನ್ನೂ ಯಾರೂ ಇದೆ ಎಂದಿಲ್ಲ. ಕೆಲವರು ಕವರನ್ನು ಮಾರುತ್ತೀರಾ ಎಂದು ಕೇಳಿದ್ದಾರೆ.

ನಾಳೆ ಶಿರಗುಪ್ಪಿಗೆ ಬರುತ್ತೇನೆ. ಕವರನ್ನು ಬಟ್ಟೆಯಲ್ಲಿ ಸುತ್ತಿ ಚಪ್ಪಲಿ ಡಬ್ಬಿಯಲ್ಲಿಟ್ಟಿದ್ದೇನೆ, ನನ್ನ ಹತ್ತಿರ ಇರುವ ಅತಿ ಗಟ್ಟಿ ಡಬ್ಬಿ ಅದೇ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬರುತ್ತೇನೆ. ಈ ಹಾಳೆಗಳನ್ನು ಮೊದಲು ನಿಮ್ಮ ಕೈಗೆ ಕೊಟ್ಟು, ನೀವು ಓದಿ ಮುಗಿಸುವವರೆಗೆ ಕಟ್ಟೆಯ ಮೇಲೆ ಕೂತಿರುತ್ತೇನೆ. ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀವು ಕೊಟ್ಟುಬಿಡುತ್ತೀರಿ.

ಒಂದು ಮಾತು. ಕವರು ಕೈಗೆ ಬಂದ ಕೂಡಲೇ ನೀವು ಒಳಗೆ ಹೋಗಿ ಆ ಸೀರೆಯ ತುಂಡು ಬಿಚ್ಚಿ, ರೆಕಾರ್ಡನ್ನು ಅದರಲ್ಲಿ ಇಡಲು ನೋಡುತ್ತೀರಿ. ಒತ್ತಬೇಡಿ ಅಕ್ಕಾ. ಆ ಡೊಂಕಿಗೆ ಅದು ಒಳಗೆ ಹೋಗುವುದಿಲ್ಲ. ನಿಪ್ಪಾಣಿಯಿಂದ ಹಿಂದಕ್ಕೆ ಬಂದ ದಿನವೇ ನಾನು ಹಾಕಿ ನೋಡಿದ್ದೆ.