ಒಂದೇ ತುಂಡು

ಆ ಬೀದಿಯಲ್ಲಿ ವೈರಿಂಗ್ ಕೆಲಸ ಬಂದರೆ "ಒಂದೇ ತುಂಡಿಗೆ ಹೇಳಿಕಳಿಸಿ" ಎನ್ನುತ್ತಿದ್ದರು. ಆ ಅಡ್ಡಹೆಸರು ಅವನು ಬಾಯಿಂದಲೇ ಸಂಪಾದಿಸಿದ್ದು. ಯಾರ ಮನೆಯ ಅಂಗಳದಲ್ಲಾದರೂ ನೆಲದಡಿ ಕೇಬಲ್ ಎಳೆಯಬೇಕೆಂದರೆ ಸಾಕು, ಮನೆಯವರನ್ನೆಲ್ಲ ನಿಲ್ಲಿಸಿಕೊಂಡು ಪಾಠ ಶುರು: "ಎರಡೂವರೆ ಅಡಿ ಆಳ. ಕೆಳಗೆ ಮರಳು, ಮೇಲೆ ಇಟ್ಟಿಗೆ. ಕೇಬಲ್ ಮಾತ್ರ ಈ ತುದಿಯಿಂದ ಆ ತುದಿಗೆ ಒಂದೇ ತುಂಡು. ಮಣ್ಣೊಳಗೆ ಜಾಯಿಂಟ್ ಇಡೋನು ಕೆಲಸಗಾರ ಅಲ್ಲ ಸ್ವಾಮಿ, ಕಳ್ಳ." ಬೇರೆಯವರ ಕೆಲಸ ಅಗೆದಾಗ ಜಾಯಿಂಟ್ ಸಿಕ್ಕಿದರಂತೂ ಮುಗಿಯಿತು. ಅದನ್ನು ಕತ್ತರಿಸಿ ಬೀದಿಗೆಲ್ಲ ತೋರಿಸಿ, ಮಾಡಿದವನ ಜನ್ಮ ಜಾಲಾಡಿಬಿಡುತ್ತಿದ್ದ.

ಅಂಥವನು ಒಂದೇ ಒಂದು ಸಲ ಮಣ್ಣೊಳಗೆ ಜಾಯಿಂಟ್ ಇಟ್ಟಿದ್ದ. ಅದೂ ಸ್ವಂತ ತಂಗಿಯ ಹಿತ್ತಲಲ್ಲಿ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ.

ಅದಾಗಿ ನಾಲ್ಕು ವರ್ಷ. ತಂಗಿಯ ಅತ್ತೆಗೆ ಮಂಡಿನೋವು, ಮೆಟ್ಟಿಲು ಹತ್ತಲಾಗದು ಎಂದು ಹಿತ್ತಲ ಕೊನೆಯಲ್ಲಿ ಒಂದು ಕೋಣೆ, ಅದಕ್ಕೊಂದು ಬಚ್ಚಲು ಕಟ್ಟಿಸಿದ್ದರು. ಮನೆಯ ಬೋರ್ಡಿನಿಂದ ಅಲ್ಲಿಗೆ ಕೇಬಲ್ ಎಳೆಯುವುದು ಅವನ ಪಾಲಿಗೆ ಬಂತು. ನೇರವಾಗಿ ಅಳೆದು ಕೇಬಲ್ ತಂದಿದ್ದ. ನಡುದಾರಿಯಲ್ಲಿ ಬಂಡೆ ಸಿಕ್ಕಿತು. ಸುತ್ತಿಕೊಂಡು ಹೋಗಬೇಕಾಯಿತು, ಮೂರು ಅಡಿ ಸಾಲದೆ ಬಂತು. ಅತ್ತೆ ಆಗಲೇ ತನ್ನ ಟ್ರಂಕಿನ ಮೇಲೆ ಕೂತು, ಇವತ್ತೇ ಹೊಸ ಕೋಣೆಗೆ ಹೋಗಬೇಕೆಂದು ಕಾಯುತ್ತಿದ್ದಳು. ಅವನು ಚೀಲದಲ್ಲಿದ್ದ ಹಳೇ ತುಂಡೊಂದನ್ನು ಸೇರಿಸಿ, ಟೇಪು ಸುತ್ತಿ, ಯಾರೂ ನೋಡದಂತೆ ಮಣ್ಣು ಮುಚ್ಚಿದ. ನಾಳೆ ಬಂದು ಬದಲಾಯಿಸಿದರಾಯಿತು ಎಂದುಕೊಂಡ. ನಾಳೆ ಎಂದವನ ಮನೆ ಹಾಳು ಅಂತಾರೆ, ಇಲ್ಲಿ ಹಾಳಾದದ್ದು ಇನ್ನೊಬ್ಬರ ನೆಮ್ಮದಿ.

ಈ ಚಳಿಗಾಲ ಶುರುವಾದಾಗ ತಂಗಿಯ ಫೋನ್ ಬಂತು. ಬೆಳಿಗ್ಗೆ ಏಳಕ್ಕೆ ಅತ್ತೆ ಸ್ನಾನಕ್ಕೆ ಹೀಟರ್ ಹಾಕಿದರೆ ಮನೆಯ ಮೇನ್ ಸ್ವಿಚ್ಚೇ ಬಿದ್ದು ಕರೆಂಟ್ ಹೋಗುತ್ತದೆ, ಬಂದು ನೋಡು ಎಂದಳು. ಹೋಗಿ ನೋಡಿದ. ತಂಗಿ ಗಿಡಗಳಿಗೆ ಪೈಪ್ ಹಿಡಿಯುವುದೂ ಏಳಕ್ಕೇ. ಬಂಡೆಯ ಪಕ್ಕ, ಸರಿಯಾಗಿ ಆ ಜಾಯಿಂಟ್ ಇದ್ದ ಜಾಗದಲ್ಲೇ, ಹೊಸದಾಗಿ ಪಾತಿ ಮಾಡಿದ್ದಳು. ನೀರು ಅಲ್ಲಿ ಮಡುಗಟ್ಟಿ ನಿಂತಿತ್ತು. ಅವನಿಗೆ ಆ ಕ್ಷಣವೇ ಎಲ್ಲ ಗೊತ್ತಾಯಿತು. ಆದರೆ ಪಕ್ಕದಲ್ಲಿ ತಂಗಿಯ ಗಂಡ ನಿಂತಿದ್ದ, ಕಾಂಪೌಂಡಿನಾಚೆ ನೆರೆಮನೆಯವರು ಇಣುಕುತ್ತಿದ್ದರು.

"ಹೀಟರ್ ಹಳೇದಾಗಿದೆ. ಹಾಕಬೇಡಿ" ಎಂದುಬಿಟ್ಟ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಅತ್ತೆ ತಣ್ಣೀರಿಗೆ ಬಿದ್ದಳು. ಬಿಡುವು ಸಿಕ್ಕ ದಿನ ಸೊಸೆ ಒಲೆಯ ಮೇಲೆ ಒಂದು ಪಾತ್ರೆ ಕಾಯಿಸಿ ಕೊಡುತ್ತಿದ್ದಳು, ಇಲ್ಲದಿದ್ದರೆ ಅದೂ ಇಲ್ಲ. ತನ್ನ ಮನೆಯಲ್ಲಿ ಬಿಸಿನೀರು ಸುರಿದುಕೊಳ್ಳುವಾಗಲೆಲ್ಲ ಅವನಿಗೆ ಆ ಮುದುಕಿಯ ತಣ್ಣೀರು ನೆನಪಾಗುತ್ತಿತ್ತು. ಗುಟ್ಟಾಗಿ ಹೋಗಿ ಅಗೆಯೋಣವೆಂದರೆ, ಆ ಹಿತ್ತಲಲ್ಲಿ ಒಂದು ಹುಲ್ಲು ಕಿತ್ತರೂ ತಂಗಿಗೆ ಗೊತ್ತಾಗುತ್ತದೆ.

ಎರಡು ತಿಂಗಳಿಗೆ ಮತ್ತೆ ಫೋನ್. ತಂಗಿಯ ದನಿ ಕಾದಿತ್ತು. "ಅಣ್ಣಾ, ಆ ಹೀಟರ್ ಪಾಯಿಂಟನ್ನೇ ಕಿತ್ತುಹಾಕು ಬಾ. ಹೀಟರ್ ಹಾಕಬೇಡಿ ಅಂದ್ರೂ ನಮ್ಮತ್ತೆ ಕದ್ದು ಹಾಕ್ತಾರೆ. ಇವತ್ತೂ ಸ್ವಿಚ್ ಬಿತ್ತು. ಕೇಳಿದ್ರೆ ನಾನು ಹಾಕಿಲ್ಲ ಅಂತ ಮುಖಕ್ಕೆ ಮುಖ ಕೊಟ್ಟು ಸುಳ್ಳು ಹೇಳ್ತಾರೆ."

ಸುಳ್ಳು ಎಂಬ ಮಾತಿಗೆ ಅವನು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡ. ಆದರೂ ಚೀಲ ಹೆಗಲಿಗೇರಿಸಿ ಹೊರಟ, ಪಾಯಿಂಟ್ ಕೀಳಲಿಕ್ಕೇ. ಅಷ್ಟು ಹೇಡಿಯಾಗಿದ್ದ.

ಅತ್ತೆ ಕೋಣೆಯಲ್ಲಿ ಮಂಚದ ತುದಿಗೆ ಕೂತಿದ್ದಳು. ಅವನು ಹೀಟರಿನ ಸ್ವಿಚ್ಚಿಗೆ ಕೈ ಹಾಕಿದ. ಅದರ ಮೇಲೆ ಗಾಯಕ್ಕೆ ಹಚ್ಚುವ ಪಟ್ಟಿ ಅಡ್ಡಲಾಗಿ ಅಂಟಿಸಿತ್ತು.

"ಇದೇನಮ್ಮಾ?"

"ನಾನೇ ಅಂಟಿಸಿದೀನಿ ಕಣಪ್ಪಾ" ಎಂದಳು ಅತ್ತೆ, ದನಿ ತಗ್ಗಿಸಿ. "ನನ್ ಕೈ ನನಗೇ ಗೊತ್ತಿಲ್ದೆ ಹಾಕ್ತಿದ್ಯೇನೋ ಅಂತ. ಬೆಳಿಗ್ಗೆ ನೋಡಿದ್ರೆ ಪಟ್ಟಿ ಹಾಗೇ ಇರತ್ತೆ. ಆದ್ರೂ ಅಲ್ಲಿ ಮೇನ್ ಬೀಳತ್ತಂತೆ. ಪಟ್ಟಿ ಕೀಳೋದೂ ನಾನೇ, ಮತ್ತೆ ಅಂಟಿಸೋದೂ ನಾನೇ ಏನೋ. ವಯಸ್ಸಾಯ್ತಲ್ಲ, ಮರುಳು ಹಿಡಿದಿರಬೇಕು. ನಿನ್ ತಂಗಿಗೆ ಹೇಳಬೇಡಪ್ಪಾ."

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. ತನ್ನ ಹೆಸರು ಉಳಿಯಲೆಂದು ಒಬ್ಬ ಮುದುಕಿಗೆ ಅವಳ ಬುದ್ಧಿಯ ಮೇಲೇ ನಂಬಿಕೆ ಇಲ್ಲದ ಹಾಗೆ ಮಾಡಿದ್ದೆನಲ್ಲ ಎಂದು ತನ್ನ ಮೇಲೇ ಅಸಹ್ಯವಾಯಿತು. ಎದ್ದು ಹೋಗಿ ಮೇನ್ ಇಳಿಸಿದ. ಗುದ್ದಲಿ ತೆಗೆದುಕೊಂಡು ತಂಗಿಯ ಪಾತಿಗೆ ಇಳಿದ.

"ಅಯ್ಯೋ ಅಣ್ಣಾ, ಗಿಡ! ನಿಂಗೇನು ತಲೆ ಕೆಟ್ಟಿದ್ಯಾ?" ತಂಗಿ ಓಡಿಬಂದಳು.

ಅವನು ನಿಲ್ಲಿಸಲಿಲ್ಲ. ಇಟ್ಟಿಗೆ ಎಬ್ಬಿಸಿದ, ಮಣ್ಣು ಕೆರೆದ. ಕೇಬಲ್ ಕತ್ತರಿಸಿ ಜಾಯಿಂಟನ್ನು ಅಂಗೈ ಮೇಲಿಟ್ಟು ಮೇಲೆ ಬಂದ. ಟೇಪು ಕೊಳೆತು ಬಿಚ್ಚಿಕೊಂಡಿತ್ತು, ತಾಮ್ರ ಹಸಿರು ಹಿಡಿದಿತ್ತು, ನೀರು ತೊಟ್ಟಿಕ್ಕುತ್ತಿತ್ತು. ಅತ್ತೆಯೂ ಗೋಡೆ ಹಿಡಿದುಕೊಂಡು ಹೊರಗೆ ಬಂದಿದ್ದಳು.

"ಇದನ್ನ ಇಟ್ಟೋನು ನಾನೇ" ಎಂದ. "ನೀನು ನೀರು ಹಾಕ್ದಾಗೆಲ್ಲ ಸ್ವಿಚ್ ಬೀಳ್ತಿದ್ದಿದ್ದು ಇದರಿಂದ. ಹೀಟರ್ ನೆಟ್ಟಗೇ ಇದೆ. ಮೊದಲ್ನೇ ದಿನಾನೇ ನಂಗೆ ಗೊತ್ತಿತ್ತು ಪುಟ್ಟಿ."

ಅಣ್ಣನನ್ನು ಬೈಯಲು ಹೊರಟ ತಂಗಿ ಅತ್ತೆಯ ಕಡೆ ತಿರುಗಿ, ಹೋಗಿ ಅವಳ ತೋಳಿಗೆ ಕೈ ಕೊಟ್ಟಳು. ಅತ್ತೆ ಮಾತ್ರ ಜಾಯಿಂಟನ್ನು ನೋಡಲೇ ಇಲ್ಲ. ಅವನ ಮುಖವನ್ನೇ ನೋಡುತ್ತಿದ್ದಳು.

"ಹಂಗಾದ್ರೆ ನಾನು ಹಾಕಿರ್ಲಿಲ್ವೇನಪ್ಪಾ?"

"ಇಲ್ಲಮ್ಮಾ. ಒಂದ್ ಸಲಾನೂ ಇಲ್ಲ."

ಅಂದೇ ಹೊಸ ಕೇಬಲ್ ತಂದು ಒಂದೇ ತುಂಡಾಗಿ ಎಳೆದ. ಮಣ್ಣು ಮುಚ್ಚುವ ಮೊದಲು ಇಬ್ಬರನ್ನೂ ಕರೆದು ಈ ತುದಿಯಿಂದ ಆ ತುದಿಯವರೆಗೆ ತೋರಿಸಿದ. ಪಾಠ ಹೇಳಲು ನಾಲಿಗೆ ಏಳಲಿಲ್ಲ. ಮಾರನೆಯ ಬೆಳಿಗ್ಗೆ ಏಳಕ್ಕೆ ಮತ್ತೆ ಹೋದ. ತಂಗಿ ಪೈಪ್ ಹಿಡಿದಿದ್ದಳು, ಪಾತಿಯಲ್ಲಿ ನೀರು ತುಂಬಿತ್ತು. ಅವನೇ ಸ್ವಿಚ್ಚಿನ ಮೇಲಿನ ಪಟ್ಟಿ ಕಿತ್ತ.

"ಹಾಕಿ ಅಮ್ಮಾ."

ಅತ್ತೆ ಬೆರಳು ಚಾಚಿದಳು, ಹಿಂದೆ ತೆಗೆದಳು. ಆಮೇಲೆ ಬಾಗಿಲ ಕಡೆ ತಿರುಗಿ ಹಿತ್ತಲಿಗೆಲ್ಲ ಕೇಳುವಂತೆ ಕೂಗಿದಳು: "ಈಗ ಹಾಕ್ತಾ ಇದೀನಿ! ನಾನೇ ಹಾಕ್ತಾ ಇರೋದು, ಎಲ್ಲಾರೂ ನೋಡ್ಕೊಳಿ!"

ಮೇನ್ ಸ್ವಿಚ್ ಬೀಳಲಿಲ್ಲ. ನೀರು ಬಿಸಿಯಾಯಿತು.

ಅದಾಗಿ ಎಷ್ಟೋ ದಿನವಾಯಿತು. ಕೂಗುವುದು ಬೇಡ ಎಂದು ತಂಗಿ ಕೈ ಹಿಡಿದು ಹೇಳಿದ್ದಾಳೆ, ಕ್ಷಮೆಯನ್ನೂ ಕೇಳಿದ್ದಾಳೆ. ಅತ್ತೆ ನಗುತ್ತಾಳೆ, ಆಯಿತು ಎನ್ನುತ್ತಾಳೆ. ಮಾರನೆಯ ಬೆಳಿಗ್ಗೆ ಏಳಕ್ಕೆ ಮತ್ತೆ ಕೂಗುತ್ತಾಳೆ, ಯಾರಾದರೂ "ನೋಡಿದ್ವಿ" ಎನ್ನುವವರೆಗೆ ಸ್ವಿಚ್ ಒತ್ತುವುದಿಲ್ಲ.